ಸುರಂಗದ ಪ್ರಬಂಧ ಯಾರ ಕೈಗೆ? ಕಾಸರಗೋಡಿನ ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆ ಪಂಚಾಯತ್‌ಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆ. ಅವುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧಕಿಯೊಬ್ಬರ ಮೊದಲ ಪ್ರಬಂಧವನ್ನು ವಿದೇಶದ ಒಂದು ಜರ್ನಲ್ ಒಪ್ಪಿಕೊಂಡಿತು. ಒಪ್ಪಿಗೆಯ ಪತ್ರದ ಕೆಳಗೇ ಎರಡು ದಾರಿಗಳನ್ನು ಸೂಚಿಸಿದ್ದರು. ಪ್ರಬಂಧ ಎಲ್ಲರಿಗೂ ಉಚಿತವಾಗಿ ಸಿಗಬೇಕಾದರೆ ಸುಮಾರು ಮೂರು ಸಾವಿರ ಡಾಲರ್ ಪ್ರಕಟಣಾ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಬೇಕು. ಪ್ರಬಂಧ ಚಂದಾದಾರರಿಗೆ ಮಾತ್ರ ಕಾಣುತ್ತದೆ. ಉತ್ತರಕ್ಕೆ ಒಂದು ವಾರದ ಗಡುವು.

ನಾನು ಗ್ರಂಥಪಾಲಕ. ಸಂಶೋಧನೆ ಮಾಡುವವರಿಗೆ ಜರ್ನಲ್‌ಗಳನ್ನು ಹುಡುಕಿಕೊಡುವುದು ನನ್ನ ಕೆಲಸದ ಭಾಗ. ಆ ಪತ್ರ ಹಿಡಿದು ಅವರು ನನ್ನ ಬಳಿ ಬಂದ ಮೇಲೆ ನಡೆದದ್ದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಡಿಯ ಈಚೆ, ಅನುದಾನದ ಬಲವಿಲ್ಲದೆ ಸಂಶೋಧನೆ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರು ಇದೇ ಕವಲಿಗೆ ಬಂದು ನಿಲ್ಲುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ದುಡ್ಡಿಲ್ಲದವರಿಗೆ ಮುಕ್ತ ಪ್ರಕಟಣೆ ದಕ್ಕುವುದಿಲ್ಲ ಎಂದು ಅವರಲ್ಲಿ ಹೆಚ್ಚಿನವರು ನಂಬಿಬಿಟ್ಟಿದ್ದಾರೆ. ಆ ನಂಬಿಕೆ ತಪ್ಪು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಅವರಿಗೆ ಇದು ಏಕೆ ಮುಖ್ಯವಾಗಿತ್ತು

ಮಳೆಗಾಲದಲ್ಲಿ ಧಾರಾಕಾರ ಸುರಿದರೂ ಬೇಸಗೆಯಲ್ಲಿ ಕೊಡ ಹಿಡಿದು ಅಲೆಯಬೇಕಾದ ಊರುಗಳು ನಮ್ಮವು. ಅಲ್ಲಿ ಸುರಂಗ ಕೊರೆಯುವವರ ಜ್ಞಾನ ದೊಡ್ಡದು. ಎಲ್ಲಿ ಹುತ್ತವಿದೆ, ಯಾವ ಮರ ಬೇಸಗೆಯಲ್ಲೂ ಹಸಿರಾಗಿದೆ, ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ನೋಡಿ ಜಾಗ ಗುರುತಿಸುತ್ತಾರೆ. ಒಬ್ಬ ಮನುಷ್ಯ ಬಾಗಿ ನಡೆಯುವಷ್ಟೇ ಅಗಲದಲ್ಲಿ ಪಿಕ್ಕಾಸಿನಿಂದ ಕೊರೆಯುತ್ತಾ ಒಳಗೆ ಹೋಗುತ್ತಾರೆ. ದೀಪ ನಂದುವ ಹಾಗಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹಿಂದೆ ಬರುತ್ತಾರೆ. ಪಂಪಿನ ಹಂಗಿಲ್ಲದೆ ನೀರು ತಾನಾಗಿ ಇಳಿದು ಅಡಿಕೆ ತೋಟದ ಕೆರೆಗೆ ಸೇರುತ್ತದೆ. ಕೊಳವೆಬಾವಿಗಳು ಬಂದ ಮೇಲೆ ಈ ಕೌಶಲ ಕಲಿಯುವವರು ಕಡಿಮೆಯಾಗಿದ್ದಾರೆ. ನಮ್ಮ ಸಂಶೋಧಕಿ ಬರೆದದ್ದು ಈ ವಿಷಯವನ್ನೇ.

ಬಾಯಾರಿನ ಕಡೆಯ ಹಿರಿಯರೊಬ್ಬರು ಅವರಿಗೆ ಗುಡ್ಡ ಹತ್ತಿಸಿ ಸುರಂಗಗಳನ್ನು ತೋರಿಸಿದವರು. ಮೊದಲ ದಿನವೇ ಕೇಳಿದ್ದರಂತೆ: "ಮಗಳೇ, ನಿನಗಿಂತ ಮೊದಲೂ ಬರೆದುಕೊಂಡು ಹೋದವರಿದ್ದಾರೆ. ಬರೆದದ್ದು ಏನಾಯಿತು ಎಂದು ಯಾರೂ ಹೇಳಲಿಲ್ಲ. ನೀನಾದರೂ ತೋರಿಸುತ್ತೀಯಾ?" ಇವರು ಹುಡುಕಿ ನೋಡಿದಾಗ ಹಿಂದಿನ ಪ್ರಬಂಧವೊಂದು ಸಿಕ್ಕಿತು, ಮೊಬೈಲಿನಲ್ಲಿ ತೆರೆದರೆ ಸಾರಾಂಶ ಮಾತ್ರ ಕಾಣುತ್ತದೆ, ಪೂರ್ತಿ ಓದಲು ನಲವತ್ತು ಡಾಲರ್ ಕೇಳುತ್ತದೆ. "ಅಜ್ಜ, ನನ್ನದು ನಿಮಗೆ ಖಂಡಿತ ಸಿಗುತ್ತದೆ" ಎಂದು ಮಾತು ಕೊಟ್ಟಿದ್ದರು. ಒಪ್ಪಿಗೆ ಪತ್ರ ಓದಿದಾಗ ಆ ಮಾತೇ ಅವರನ್ನು ಕಾಡಿತು.

ಮುಕ್ತವಾಗಿ ಪ್ರಕಟವಾದದ್ದು ಊರಿನ ಪಾಲಿಗೆ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಎಣ್ಮಕಜೆಯ ಪಡ್ರೆಯ ಸುತ್ತಲಿನ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಪ್ರದೇಶದ ಶಾಲಾ ಹುಡುಗರ ಬೆಳವಣಿಗೆಯ ಮೇಲೆ ಅದರ ಪರಿಣಾಮವನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿ 2003ರಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಜರ್ನಲಿನಲ್ಲಿ ಪ್ರಕಟಿಸಿದರು. ಅದು ಆಗ ಅಮೆರಿಕ ಸರಕಾರದ ಪರಿಸರ ಆರೋಗ್ಯ ಸಂಸ್ಥೆ ನಡೆಸುತ್ತಿದ್ದ ಜರ್ನಲ್. ಆ ಪ್ರಬಂಧವನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಪಡ್ರೆಯ ಒಬ್ಬ ತಾಯಿ, ಒಬ್ಬ ಪತ್ರಕರ್ತ, ಒಬ್ಬ ವಕೀಲ ಅದನ್ನು ತೆರೆದು ತಮ್ಮ ಊರಿನ ಬಗ್ಗೆ ಏನು ಬರೆದಿದೆ ಎಂದು ನೋಡಬಹುದು. ಅದನ್ನು ಪ್ರಶ್ನಿಸುವವರೂ ಮೂಲವನ್ನು ಓದಿಯೇ ಪ್ರಶ್ನಿಸಬಹುದು. ಇದಕ್ಕಿಂತ ಬಲವಾದ ವಾದ ಮುಕ್ತ ಪ್ರಕಟಣೆಯ ಪರವಾಗಿ ನನಗೆ ಗೊತ್ತಿಲ್ಲ.

ಹಣದ ದಾರಿ

ಮೊದಲು ಶುಲ್ಕದ ಲೆಕ್ಕ ಹಾಕಿದೆವು. ಮೂರು ಸಾವಿರ ಡಾಲರ್ ಎಂದರೆ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ. ಹೊಸ ಸಂಶೋಧಕರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಡುವ ಜೆಆರ್‌ಎಫ್ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ. ಅಂದರೆ ಊಟ, ಬಾಡಿಗೆ, ಬಸ್ಸಿನ ಖರ್ಚು ಎಲ್ಲವನ್ನೂ ಬಿಟ್ಟು ಸುಮಾರು ಏಳು ತಿಂಗಳ ವೇತನ. ಇದು ಅತಿ ದುಬಾರಿ ಜರ್ನಲ್ ಕೂಡ ಆಗಿರಲಿಲ್ಲ. ನೇಚರ್ ಪತ್ರಿಕೆ ಮುಕ್ತ ಪ್ರಕಟಣೆಗೆ 2020ರಲ್ಲಿ ಘೋಷಿಸಿದ ದರ 9,500 ಯೂರೋ.

"ಬಡ ದೇಶದವರಿಗೆ ವಿನಾಯಿತಿ ಇದೆಯಂತಲ್ಲ ಸರ್?" ಎಂದು ಕೇಳಿದರು. ಇದೆ, ಆದರೆ ಭಾರತದವರಿಗೆ ಅದು ಬಹುಮಟ್ಟಿಗೆ ತಲುಪುವುದಿಲ್ಲ. ದೊಡ್ಡ ಪ್ರಕಾಶಕರು ಕಡಿಮೆ ಆದಾಯದ ದೇಶಗಳಿಗೆ ಪೂರ್ತಿ ವಿನಾಯಿತಿ, ಕೆಳಮಧ್ಯಮ ಆದಾಯದ ದೇಶಗಳಿಗೆ ಅರ್ಧ ರಿಯಾಯಿತಿ ಕೊಡುತ್ತಾರೆ. ಭಾರತ ಕೆಳಮಧ್ಯಮ ಆದಾಯದ ಪಟ್ಟಿಯಲ್ಲಿಯೇ ಇದೆ. ಆದರೆ ಸ್ಪ್ರಿಂಗರ್ ನೇಚರ್‌ನಂಥ ಪ್ರಕಾಶಕರು ದೇಶದ ಒಟ್ಟು ಉತ್ಪನ್ನ 200 ಶತಕೋಟಿ ಡಾಲರ್ ಮೀರಬಾರದು ಎಂಬ ಷರತ್ತನ್ನೂ ಇಟ್ಟಿದ್ದಾರೆ. ಜನಸಂಖ್ಯೆಯ ಕಾರಣದಿಂದಲೇ ದೊಡ್ಡದಾಗಿ ಕಾಣುವ ನಮ್ಮ ಅರ್ಥವ್ಯವಸ್ಥೆ ಅಲ್ಲಿಗೆ ಹೊರಗುಳಿಯುತ್ತದೆ. ಎಣ್ಮಕಜೆಯ ಅಡಿಕೆ ಬೆಳೆಗಾರನ ಮಗಳನ್ನು ಇಡೀ ದೇಶದ ಜಿಡಿಪಿಯಿಂದ ಅಳೆಯುವುದು ಅನ್ಯಾಯ. ಇನ್ನೊಂದು ಸಂಗತಿ: ಚಂದಾ ಮತ್ತು ಮುಕ್ತ ಎರಡನ್ನೂ ಬೆರೆಸಿ ನಡೆಸುವ ಹೈಬ್ರಿಡ್ ಜರ್ನಲ್‌ಗಳಲ್ಲಿ ಇಂಥ ವಿನಾಯಿತಿಗಳು ಸಾಮಾನ್ಯವಾಗಿ ಅನ್ವಯಿಸುವುದೇ ಇಲ್ಲ. ಇವರ ಪ್ರಬಂಧ ಹೋಗಿದ್ದದ್ದು ಅಂಥ ಜರ್ನಲಿಗೆ.

ಕೇಂದ್ರ ಸರಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯ ಬಗ್ಗೆಯೂ ಕೇಳಿದರು. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಓದಲು ಇದು ನಿಜವಾದ ವರ. ಮೊದಲು ಕಣ್ಣಿಗೂ ಬೀಳದಿದ್ದ ಜರ್ನಲ್‌ಗಳನ್ನು ನಮ್ಮ ವಿದ್ಯಾರ್ಥಿಗಳು ಈಗ ಓದುತ್ತಿದ್ದಾರೆ. ಆದರೆ ಅದು ಮುಖ್ಯವಾಗಿ ಓದುವ ಹಕ್ಕು, ಅದೂ ಸರಕಾರಿ ಸಂಸ್ಥೆಯ ಒಳಗಿನವರಿಗೆ. ಬಾಯಾರಿನ ಅಜ್ಜನಿಗಾಗಲಿ, ಪೆರ್ಲದ ಶಾಲೆಯ ಮಾಷ್ಟ್ರಿಗಾಗಲಿ, ಪಂಚಾಯತ್ ಸದಸ್ಯರಿಗಾಗಲಿ ಅದರಿಂದ ಬಾಗಿಲು ತೆರೆಯುವುದಿಲ್ಲ.

ಅಗ್ಗದ ದಾರಿ

ಅದೇ ವಾರ ಅವರಿಗೆ ಇನ್ನೊಂದು ಮಿಂಚಂಚೆ ಬಂದಿತ್ತು. ಮೂರು ದಿನದಲ್ಲಿ ಪರಿಶೀಲನೆ, ಒಂದು ವಾರದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ ಕೆಲವೇ ಸಾವಿರ ರೂಪಾಯಿ, ಎಲ್ಲರಿಗೂ ಮುಕ್ತ. ಜೊತೆಗಾರರಲ್ಲಿ ಕೆಲವರು ಇಂಥ ಕಡೆ ಹಣ ಕಟ್ಟಿದ್ದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಆಯ್ಕೆ ಮಾಡುವಾಗ ಯುಜಿಸಿಯ 2018ರ ನಿಯಮಾವಳಿಯಲ್ಲಿ ಪ್ರತಿ ಪ್ರಬಂಧಕ್ಕೆ 2 ಅಂಕ, ಗರಿಷ್ಠ 10. ಕೆಲಸಕ್ಕೆ ಕಾದು ಕುಳಿತವರಿಗೆ ಆ ಎರಡಂಕ ಚಿಕ್ಕದೇನೂ ಆಗಿರುವುದಿಲ್ಲ. ಅವರ ಆ ತುರ್ತನ್ನು ಮಾರುಕಟ್ಟೆ ಮಾಡಿಕೊಂಡವರನ್ನು ಮಾತ್ರ ಕ್ಷಮಿಸಲಾರೆ.

ಇಂಥ ಜರ್ನಲನ್ನು ಗುರುತಿಸುವುದು ಕಷ್ಟವಲ್ಲ. ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಸೂಚಿಯಲ್ಲಿ ಹುಡುಕಿದೆವು, ಅದರ ಹೆಸರಿರಲಿಲ್ಲ. ಸಂಪಾದಕ ಮಂಡಳಿಯಲ್ಲಿ ಇದ್ದಾರೆಂದು ಹೇಳಿದ ಪ್ರಾಧ್ಯಾಪಕರ ಸ್ವಂತ ಪುಟದಲ್ಲಿ ಆ ಜರ್ನಲಿನ ಉಲ್ಲೇಖವಿರಲಿಲ್ಲ. ಹಳೆಯ ಸಂಚಿಕೆ ತೆರೆದರೆ ದಂತವೈದ್ಯ, ವಾಣಿಜ್ಯಶಾಸ್ತ್ರ, ವಚನ ಸಾಹಿತ್ಯ ಎಲ್ಲವೂ ಒಟ್ಟಿಗೆ. ಅವರು ಹೆಮ್ಮೆಯಿಂದ ಮುದ್ರಿಸಿದ್ದ ಐಎಸ್‌ಎಸ್‌ಎನ್ ಒಂದು ಪತ್ರಿಕೆಯನ್ನು ಇನ್ನೊಂದರಿಂದ ಬೇರೆ ಗುರುತಿಸುವ ಸಂಖ್ಯೆ ಮಾತ್ರ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು ನಿಲ್ಲಿಸಿರುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಮೇಲೆ ಈ ಪರೀಕ್ಷೆಯ ಹೊಣೆ ಪೂರ್ತಿಯಾಗಿ ಸಂಶೋಧಕರ ಮತ್ತು ಸಂಸ್ಥೆಗಳ ಹೆಗಲಿಗೆ ಬಿದ್ದಿದೆ. ಗ್ರಂಥಾಲಯಗಳು ಮುಂದೆ ಬಂದು ಕಲಿಸಬೇಕಾದ ಪಾಠ ಇದು.

ಶುಲ್ಕವಿಲ್ಲದ ಜರ್ನಲ್‌ಗಳು

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಡಿಒಎಜೆಯಲ್ಲಿ 20,000ಕ್ಕೂ ಹೆಚ್ಚು ಜರ್ನಲ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೇಖಕರಿಂದ ಏನೂ ಕೇಳುವುದಿಲ್ಲ. ವಿಶ್ವವಿದ್ಯಾಲಯ, ವಿದ್ವತ್ ಸಂಘ, ಸರಕಾರಿ ಸಂಸ್ಥೆಗಳು ಖರ್ಚು ಹೊತ್ತುಕೊಳ್ಳುತ್ತವೆ. ಓದುವವರಿಗೂ ಬರೆಯುವವರಿಗೂ ಉಚಿತವಾದ ಈ ಬಗೆಗೆ ಡೈಮಂಡ್ ಎಂದು ಹೆಸರು. ನಮ್ಮ ದೇಶದಲ್ಲಿ ಇದರ ಪರಂಪರೆ ಹಳೆಯದು. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಸಾಂಪ್ರದಾಯಿಕ ಜ್ಞಾನಕ್ಕೆಂದೇ ಇರುವ ಇಂಡಿಯನ್ ಜರ್ನಲ್ ಆಫ್ ಟ್ರೆಡಿಷನಲ್ ನಾಲೆಜ್ ಅನ್ನು ಸಿಎಸ್‌ಐಆರ್‌ನ ಸಂಸ್ಥೆ 2002ರಿಂದ ನಡೆಸುತ್ತಿದೆ. ಅದರ ಸಂಚಿಕೆಗಳೂ ಓದಲು ಮುಕ್ತ. ನೀರಿನ ರಾಜಕಾರಣ, ಸಮಾಜದ ಬಗ್ಗೆ ವಾಟರ್ ಆಲ್ಟರ್ನೇಟಿವ್ಸ್ 2008ರಿಂದ ಬರುತ್ತಿದೆ.

ಹಾಗಾದರೆ ಒಪ್ಪಿದ ಪ್ರಬಂಧವನ್ನು ಹಿಂದಕ್ಕೆ ಪಡೆದು ಇಂಥ ಕಡೆ ಕಳುಹಿಸಬಹುದಿತ್ತಲ್ಲ? ಸಂಶೋಧಕಿಗೆ ಆ ಮನಸ್ಸಿತ್ತು. ಮಾರ್ಗದರ್ಶಕರು ಒಪ್ಪಲಿಲ್ಲ. ಪರಿಶೀಲನೆಗೆ ಒಂದು ವರ್ಷದ ಹತ್ತಿರ ಹೋಗಿದೆ, ಇನ್ನೊಂದು ವರ್ಷ ಕಳೆದರೆ ಮಹಾಪ್ರಬಂಧ ಸಲ್ಲಿಸುವ ಅವಧಿ ಮೀರುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ಪರಿಶೀಲಕರ ಶ್ರಮಕ್ಕೂ ಬೆಲೆ ಇದೆ. ಒಪ್ಪಿದ ಮೇಲೆ ಹಿಂದೆಗೆಯುವುದು ಒಳ್ಳೆಯ ಅಭ್ಯಾಸವಲ್ಲ. ಇಂಥ ನಿರ್ಧಾರಗಳನ್ನು ಪ್ರಬಂಧ ಕಳುಹಿಸುವ ಮೊದಲೇ ಮಾಡಿರಬೇಕು. ಜರ್ನಲನ್ನು ಆರಿಸುವ ದಿನವೇ ಅದರ ಹಕ್ಕಿನ ಪತ್ರವನ್ನೂ ಓದಬೇಕು ಎಂದು ನಾನು ಈಗ ಎಲ್ಲ ಹೊಸ ಸಂಶೋಧಕರಿಗೂ ಮೊದಲ ಮಾತಾಗಿ ಹೇಳುತ್ತೇನೆ.

ಆರಿಸಿಕೊಂಡ ದಾರಿ

ಉಳಿದದ್ದು ಹಸಿರು ದಾರಿ: ಜರ್ನಲಿನಲ್ಲಿ ಹಣ ಕಟ್ಟದೆ ಪ್ರಕಟಿಸಿ, ತನ್ನದೇ ಪ್ರತಿಯನ್ನು ಜಾಲದ ಸಾರ್ವಜನಿಕ ಭಂಡಾರದಲ್ಲಿ (ರೆಪಾಸಿಟರಿ) ಇಡುವುದು. ಇಲ್ಲಿ ಪ್ರಬಂಧದ ಮೂರು ರೂಪಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪರಿಶೀಲನೆಗೆ ಮೊದಲು ಕಳುಹಿಸಿದ ಪ್ರತಿ ಒಂದು. ಪರಿಶೀಲಕರು ಹೇಳಿದಂತೆ ತಿದ್ದಿ, ಜರ್ನಲ್ ಒಪ್ಪಿದ ಪ್ರತಿ ಎರಡು. ಜರ್ನಲಿನ ಲಾಂಛನ, ಪುಟಸಂಖ್ಯೆಗಳೊಡನೆ ಪ್ರಕಟವಾದ ಪ್ರತಿ ಮೂರು. ಮೂರನೆಯದು ಪ್ರಕಾಶಕರದ್ದು, ಅದನ್ನು ಮುಟ್ಟುವಂತಿಲ್ಲ. ಮೊದಲನೆಯದನ್ನು ಹೆಚ್ಚಿನ ಜರ್ನಲ್‌ಗಳು ಎಲ್ಲಿ ಬೇಕಾದರೂ ಹಾಕಲು ಬಿಡುತ್ತವೆ. ಎರಡನೆಯದರಲ್ಲಿ ಪರಿಶೀಲನೆಯ ಫಲವೆಲ್ಲ ಇದೆ, ವಿಷಯದಲ್ಲಿ ಅದು ಪ್ರಕಟವಾದದ್ದಕ್ಕೆ ಸಮ. ಅದನ್ನು ಯಾವಾಗ ತೆರೆಯಬಹುದು ಎಂಬುದು ಪ್ರಕಾಶಕರಿಂದ ಪ್ರಕಾಶಕರಿಗೆ ಬದಲಾಗುತ್ತದೆ. ಸೇಜ್, ಎಮರಾಲ್ಡ್ ಕಾಯಿಸುವುದಿಲ್ಲ; ಸ್ಪ್ರಿಂಗರ್ 12 ತಿಂಗಳು ಕಾಯಿಸುತ್ತದೆ; ಇನ್ನು ಕೆಲವು ಜರ್ನಲ್‌ಗಳು 24 ತಿಂಗಳವರೆಗೂ. ಬ್ರಿಟನ್ನಿನ ಜಿಸ್ಕ್ ಸಂಸ್ಥೆ ನಡೆಸುವ, ಮೊದಲು ಶೆರ್ಪಾ ರೋಮಿಯೊ ಎಂದಿದ್ದು ಈಗ ಓಪನ್ ಪಾಲಿಸಿ ಫೈಂಡರ್ ಎಂಬ ಹೆಸರಿನಲ್ಲಿರುವ ಸೇವೆಯಲ್ಲಿ ಜರ್ನಲಿನ ಹೆಸರು ಕೊಟ್ಟರೆ ಇದೆಲ್ಲ ಉಚಿತವಾಗಿ ತಿಳಿಯುತ್ತದೆ. ಇವರ ಜರ್ನಲಿಗೆ 12 ತಿಂಗಳು ಎಂದು ಬಂತು.

ಸಹಿ ಹಾಕುವ ಮೊದಲು ಸಂಪಾದಕರ ಕಚೇರಿಗೆ ಎರಡು ಕೋರಿಕೆ ಬರೆದರು. ಕಾಯುವ ಅವಧಿಯನ್ನು ತೆಗೆಯಿರಿ ಎಂಬುದು ಒಂದು. ಅದಕ್ಕೆ ಆಗುವುದಿಲ್ಲ ಎಂಬ ಉತ್ತರ ಬಂತು. ಕನ್ನಡ ಅನುವಾದದ ಹಕ್ಕು ನನ್ನಲ್ಲಿಯೇ ಇರಲಿ ಎಂಬುದು ಎರಡನೆಯದು. ಅದಕ್ಕೆ ಮೂಲದ ಉಲ್ಲೇಖ ಕೊಡಬೇಕೆಂಬ ಷರತ್ತಿನ ಮೇಲೆ ಒಪ್ಪಿದರು. ಕೇಳಿದ್ದಕ್ಕೆ ಸಿಕ್ಕಿತು, ನಮ್ಮಲ್ಲಿ ಕೇಳುವವರೇ ಇಲ್ಲ.

ಅನುವಾದದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮಂಥ ಊರಿನವರಿಗೆ ಮುಕ್ತತೆಯ ಅರ್ಧ ಭಾಗ ಇದರಲ್ಲಿಯೇ ಇದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ ಅನುವಾದ ಮಾಡುವುದು ಸ್ವಾಮ್ಯ ಹೊಂದಿದವರ ಹಕ್ಕು. ಅದನ್ನು ಜರ್ನಲಿಗೆ ಪೂರ್ತಿಯಾಗಿ ಬರೆದುಕೊಟ್ಟರೆ ಲೇಖಕಿಯೇ ತನ್ನ ಪ್ರಬಂಧವನ್ನು ಕನ್ನಡಕ್ಕೆ ತಂದು ಪ್ರಕಟಿಸಲು ಅನುಮತಿ ಬೇಡಬೇಕಾಗುತ್ತದೆ. ಹಣ ಕಟ್ಟಿ ಮುಕ್ತ ಮಾಡಿಸಿದರೂ ಈ ತೊಡಕು ತಾನಾಗಿ ಕಳೆಯುವುದಿಲ್ಲ. ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ಮೊದಲೇ ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಸಿ ಬೈ ಎಂಬುದಾದರೆ ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಪಠ್ಯದಲ್ಲಿ ಸೇರಿಸಬಹುದು. ಎನ್‌ಡಿ ಎಂಬ ಎರಡಕ್ಷರ ಸೇರಿದರೆ ಮಾರ್ಪಾಡು ಹಂಚುವಂತಿಲ್ಲ; ಅನುವಾದವೂ ಮಾರ್ಪಾಡೇ. ಎನ್‌ಸಿ ಸೇರಿದರೆ ವ್ಯಾಪಾರದ ಬಳಕೆ ಇಲ್ಲ. ಅಂಥ ಚಿತ್ರವನ್ನು ಕನ್ನಡ ವಿಕಿಪೀಡಿಯದ ಲೇಖನಕ್ಕೆ ವಿಕಿಮೀಡಿಯ ಕಾಮನ್ಸ್ ಮೂಲಕ ಹಾಕಲು ಬರುವುದಿಲ್ಲ. "ವಾಣಿಜ್ಯ ಬಳಕೆ ಬೇಡ" ಎಂಬುದು ಸಭ್ಯವಾಗಿ ಕಾಣುವುದರಿಂದ ಬಹಳ ಮಂದಿ ಅದನ್ನೇ ಆರಿಸುತ್ತಾರೆ. ನಮ್ಮಲ್ಲಿ ಪಠ್ಯ, ಪತ್ರಿಕೆ, ಸ್ಮರಣ ಸಂಚಿಕೆ ಎಲ್ಲಕ್ಕೂ ಸಣ್ಣ ಬೆಲೆ ಇರುವುದರಿಂದ ಅದು ನಮ್ಮವರನ್ನೇ ತಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಭಂಡಾರದ ವಿಷಯದಲ್ಲಿ ಒಂದು ನಿರಾಸೆ ಕಾದಿತ್ತು. ಅವರು ನೋಂದಾಯಿಸಿಕೊಂಡಿದ್ದ ಸಂಸ್ಥೆಯ ಭಂಡಾರ ಹೆಸರಿಗಷ್ಟೇ ಇತ್ತು. ಪುಟ ತೆರೆಯುತ್ತಲೇ ಇರಲಿಲ್ಲ. ಆದ್ದರಿಂದ ಸ್ವಿಟ್ಸರ್ಲೆಂಡಿನ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಝೆನೋಡೋ ಎಂಬ ಭಂಡಾರವನ್ನು ಬಳಸಿದೆವು. ಯಾವ ದೇಶದವರಾದರೂ ಉಚಿತವಾಗಿ ಇಡಬಹುದು, ಪ್ರತಿ ದಾಖಲೆಗೂ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಸಿಗುತ್ತದೆ, ತೆರೆಯುವ ದಿನಾಂಕವನ್ನು ಮೊದಲೇ ನಿಗದಿ ಮಾಡಬಹುದು. ಜರ್ನಲ್ ಒಪ್ಪಿದ ಪ್ರತಿಯನ್ನು ಅಲ್ಲಿ ಇಟ್ಟು 12 ತಿಂಗಳ ನಂತರದ ದಿನಾಂಕ ಕೊಟ್ಟರು. ಪರಿಶೀಲನೆಗೆ ಮೊದಲಿನ ಪ್ರತಿಯನ್ನು ಅಂದೇ ತೆರೆದರು.

ದತ್ತಾಂಶವನ್ನು ಹಾಕುವಾಗ ಅವರು ತೋರಿದ ಎಚ್ಚರವನ್ನು ನಾನು ಬಹಳ ಮೆಚ್ಚಿದೆ. ಸುರಂಗಗಳ ಉದ್ದ, ಬೇಸಗೆಯ ನೀರಿನ ಹರಿವು, ದುರಸ್ತಿಯ ಸ್ಥಿತಿ ಎಲ್ಲವೂ ಪಟ್ಟಿಯಲ್ಲಿದ್ದವು. ಜೊತೆಗೆ ಜಿಪಿಎಸ್ ಸ್ಥಾನವೂ ಇತ್ತು. ಸುರಂಗ ಇರುವುದು ಖಾಸಗಿ ಜಾಗದಲ್ಲಿ, ಮನೆಯ ಹಿತ್ತಿಲಲ್ಲಿ. ನೀರು ಇರುವ ಜಾಗದ ನಿಖರ ನಕ್ಷೆ ಜಾಲಕ್ಕೆ ಹೋದರೆ ಅದನ್ನು ಯಾರು ಹೇಗೆ ಬಳಸುತ್ತಾರೋ ಹೇಳಲಾಗದು. ಮನೆಯವರನ್ನು ಮತ್ತೆ ಕೇಳಿದರು. ಕೆಲವರು ಒಪ್ಪಿದರು, ಕೆಲವರು ಬೇಡವೆಂದರು. ಕೊನೆಗೆ ಎಲ್ಲರದ್ದನ್ನೂ ವಾರ್ಡ್ ಮಟ್ಟಕ್ಕೆ ಮಸುಕುಗೊಳಿಸಿ ತೆರೆದರು. ನಿಖರ ಸ್ಥಾನದ ಕಡತವನ್ನು ಕೋರಿಕೆ ಬಂದರೆ ಮಾತ್ರ ಕೊಡುವಂತೆ ಮುಚ್ಚಿಟ್ಟರು. ಮುಕ್ತ ಪ್ರಕಟಣೆಯನ್ನು ಬೆಂಬಲಿಸುವ ನನಗೂ ಇದು ಸರಿಯೆನಿಸಿತು. ಪ್ರಬಂಧದ ಮೇಲೆ ಲೇಖಕಿಗೆ ಹಕ್ಕಿದೆ, ಹಿತ್ತಿಲಿನ ನೀರಿನ ಮೇಲೆ ಆ ಮನೆಯವರಿಗೆ ಹಕ್ಕಿದೆ.

ಏನಾಯಿತು

ಪ್ರಬಂಧ ಪ್ರಕಟವಾಯಿತು. ಕನ್ನಡ ಆವೃತ್ತಿಯನ್ನು ಅವರು ನೇರ ಅನುವಾದವಾಗಿ ಮಾಡಲಿಲ್ಲ. ಅಂಕಿಅಂಶಗಳ ವಿಧಾನವನ್ನು ಕಿರಿದು ಮಾಡಿ, ದುರಸ್ತಿಯ ಭಾಗವನ್ನು ಹಿಗ್ಗಿಸಿ, ಸುರಂಗ ಕೊರೆಯುವವರ ಮಾತುಗಳನ್ನು ಅವರ ಹೆಸರಿನೊಂದಿಗೆ ಸೇರಿಸಿ ಹೊಸದಾಗಿ ಬರೆದರು. ಹೆಸರು ಹಾಕಲು ಪ್ರತಿಯೊಬ್ಬರ ಒಪ್ಪಿಗೆ ಪಡೆದರು. ಅದನ್ನು ಸಿಸಿ ಬೈ ಪರವಾನಗಿಯಡಿ ಝೆನೋಡೋದಲ್ಲಿ ಇಟ್ಟರು. ಬಾಯಾರಿನ ಅಜ್ಜನ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಗಟ್ಟಿಯಾಗಿ ಓದಿದನಂತೆ. ಅಜ್ಜ ಗಾಳಿಕಿಂಡಿಯ ಬಗ್ಗೆ ಬರೆದ ಒಂದು ವಾಕ್ಯ ಸರಿಯಿಲ್ಲವೆಂದು ಹೇಳಿ ಕಳುಹಿಸಿದರು. ಝೆನೋಡೋದಲ್ಲಿ ಹಳೆಯದನ್ನು ಉಳಿಸಿಕೊಂಡೇ ಹೊಸ ಆವೃತ್ತಿ ಸೇರಿಸಬಹುದು. ಎರಡನೆಯ ಆವೃತ್ತಿಯಲ್ಲಿ ಆ ವಾಕ್ಯ ಬದಲಾಯಿತು, ತಿದ್ದಿದವರ ಹೆಸರೂ ಬಂತು. ಜರ್ನಲಿನ ಇಬ್ಬರು ಪರಿಶೀಲಕರ ಕಣ್ಣಿಗೆ ಬೀಳದ ತಪ್ಪು ಅದು.

ಎಲ್ಲವೂ ಕೈಗೂಡಿತು ಎನ್ನಲಾರೆ. ಇಂಗ್ಲಿಷ್ ಪ್ರಬಂಧದ ಪರಿಶೀಲಿತ ಪ್ರತಿ ಇನ್ನೂ ಬೀಗದಲ್ಲಿದೆ. ಬೇಕೆಂದು ಮಿಂಚಂಚೆ ಬರೆದವರಿಗೆ ಅವರು ಒಬ್ಬೊಬ್ಬರಿಗೂ ಖಾಸಗಿಯಾಗಿ ಕಳುಹಿಸುತ್ತಿದ್ದಾರೆ. ಕನ್ನಡ ಆವೃತ್ತಿಗೆ ಕೆಲಸದ ಅರ್ಜಿಯಲ್ಲಿ ಅಂಕವಿಲ್ಲ. ವಿದ್ವತ್ ಪರಿಶೀಲನೆಯೂ ಡಿಒಐಯೂ ಮುಕ್ತ ಜಾಲಪುಟವೂ ಇರುವ ಕನ್ನಡದ ಸಂಶೋಧನಾ ಜರ್ನಲ್ ಒಂದು ಅವರ ವಿಷಯಕ್ಕೆ ಸಿಕ್ಕಿದ್ದರೆ ಅದನ್ನೇ ಪ್ರಬಂಧವಾಗಿ ಕೊಡುತ್ತಿದ್ದರು. ನಮ್ಮ ಹೆಚ್ಚಿನ ಪತ್ರಿಕೆಗಳು ಅಚ್ಚಿನಲ್ಲಿಯೇ ಉಳಿದಿವೆ. ಕನ್ನಡ ವಿಭಾಗಗಳಿರುವ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಜರ್ನಲ್ ನಡೆಸುವ ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಬೇಕಾದದ್ದು ಸಂಪಾದನೆಗೆ ಕೂರುವ ಜನ.

ಎರಡನೆಯ ಪ್ರಬಂಧವನ್ನು, ಅಂದರೆ ಜಾಗ ಗುರುತಿಸುವ ಜ್ಞಾನದ ಬಗ್ಗೆ ಬರೆದದ್ದನ್ನು, ಶುಲ್ಕವಿಲ್ಲದ ಮುಕ್ತ ಜರ್ನಲಿಗೇ ಕಳುಹಿಸಿದ್ದಾರೆ, ಪರಿಶೀಲನೆ ನಡೆಯುತ್ತಿದೆ. ಸಂಸ್ಥೆಯ ಭಂಡಾರವನ್ನು ಸರಿಪಡಿಸಿ ಎಂದು ಇನ್ನಿಬ್ಬರು ಸಂಶೋಧಕರೊಂದಿಗೆ ಸೇರಿ ಮನವಿ ಕೊಟ್ಟಿದ್ದಾರೆ. ಮಹಾಪ್ರಬಂಧ ಮುಗಿದ ಮೇಲೆ ಅದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಮಹಾಪ್ರಬಂಧಗಳ ಭಂಡಾರಕ್ಕೆ ಹೋಗುತ್ತದೆ, ಎಲ್ಲರಿಗೂ ತೆರೆದಿರುತ್ತದೆ. ಮೊದಲ ಪ್ರಬಂಧ ಅದರಲ್ಲಿ ಒಂದು ಅಧ್ಯಾಯವಾಗಿ ಸೇರುವುದರಿಂದ, ಮಹಾಪ್ರಬಂಧದಲ್ಲಿ ಮರುಬಳಕೆಗೆ ಜರ್ನಲಿನ ಪತ್ರದಲ್ಲಿ ಅನುಮತಿ ಇದೆಯೇ ಎಂದು ಸಹಿ ಹಾಕುವ ದಿನವೇ ನೋಡಿಕೊಂಡಿದ್ದೆವು. ಇತ್ತು, ಆ ಪುಟದ ಪ್ರತಿಯನ್ನು ಅವರ ಕಡತದಲ್ಲಿ ಇಟ್ಟಿದ್ದೇವೆ.